ಆ ದಿನ ದೋಣಿ ಹೋಗಲಿಲ್ಲ

ಜರ್ಮನ್ ನಾಡಿನಲ್ಲಿ ನದಿಗಳು ಬಹಳ. ನದಿಯ ದಡದ ಸಣ್ಣ ಊರುಗಳು ಅದಕ್ಕಿಂತ ಬಹಳ. ಅವುಗಳಲ್ಲಿ ನಮ್ಮದೂ ಒಂದು. ನಕ್ಷೆ ಬರೆಯುವವರು ಎರಡು ಸಲ ಬಂದಿದ್ದರು. ಎರಡು ಸಲವೂ ಮಂಜು ಮುಸುಕಿತ್ತು, ಅವರು ಬಿಚ್ಚಿದ ಕಾಗದವನ್ನು ಹಾಗೆಯೇ ಮಡಿಸಿಕೊಂಡು ಹೋದರು. ಒಂದು ಚರ್ಚು, ಅದರ ಗೋಪುರದ ಮೇಲೆ ಕೊಕ್ಕರೆಯ ಗೂಡು, ಕೆಂಪು ಹೆಂಚಿನ ನೂರಿಪ್ಪತ್ತು ಮನೆ, ಹಳೆಯ ಕೋಟೆಗೋಡೆಯಲ್ಲಿ ಒಂದು ಬಾಗಿಲು, ಆ ಬಾಗಿಲಿನಿಂದ ಕೆಳಗಿಳಿದರೆ ದೋಣಿಕಟ್ಟೆ. ನಾನು ಇಲ್ಲಿನ ಶಾಲೆಯಲ್ಲಿ ಮೂವತ್ತೆಂಟು ವರ್ಷ ಮೇಷ್ಟರಾಗಿದ್ದೆ. ಭಾನುವಾರದ ಆರಾಧನೆಗೆ ಚರ್ಚಿನ ಆರ್ಗನ್ ನುಡಿಸುವ ಕೆಲಸವೂ ನನ್ನದೇ. ಕಳೆದ ಫೆಬ್ರವರಿಯಲ್ಲಿ ನನ್ನ ಹೆಂಡತಿ ವಾಲ್ಬುರ್ಗ ತೀರಿಕೊಂಡಳು. ಅವಳು ಮೂರನೆಯ ಬೆಂಚಿನಲ್ಲಿ ಕೂತು, ನನ್ನ ಕೈ ಅವಸರ ಮಾಡಿದಾಗಲೆಲ್ಲ ಒಮ್ಮೆ ಕೆಮ್ಮುತ್ತಿದ್ದಳು. ಈಗ ಆ ಬೆಂಚಿನಿಂದ ಯಾರೂ ಕೆಮ್ಮುವುದಿಲ್ಲ. ಕೀರ್ತನೆಗಳು ಓಡುತ್ತಿವೆ, ಹಾಡುವವರಿಗೆ ಉಸಿರು ಹತ್ತುತ್ತಿದೆ ಎಂದು ಜನ ದೂರುತ್ತಾರೆ. ದೇವರ ಚಿತ್ತದ ಮುಂದೆ ತಲೆ ಬಾಗಿಸಿದ್ದೇನೆ. ಕೈಗೆ ಮಾತ್ರ ಅದು ಇನ್ನೂ ತಿಳಿದಂತಿಲ್ಲ.

ನಮ್ಮ ದೋಣಿಯ ವಿಷಯ ಹೇಳಬೇಕು. ನದಿಗೆ ಅಡ್ಡಲಾಗಿ ಒಂದು ದಪ್ಪ ಹಗ್ಗ ಕಟ್ಟಿದೆ. ದೋಣಿಯನ್ನು ಅದಕ್ಕೆ ಓರೆಯಾಗಿ ಬಿಗಿದರೆ ನೀರಿನ ಸೆಳೆತವೇ ಅದನ್ನು ಆಚೆ ದಡಕ್ಕೆ ನೂಕುತ್ತದೆ. ದೋಣಿಯ ಹೊರಮೈಯಲ್ಲಿ ಬೆರಳಗಲಕ್ಕೊಂದು ಬಿಳಿಯ ಗೆರೆ ಎಳೆದಿದೆ. ಜನ ಹತ್ತಿ ಕೂತ ಮೇಲೆ ಅಂಬಿಗರು ನೀರು ಯಾವ ಗೆರೆಗೆ ಮುಟ್ಟಿದೆ ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ದೋಣಿಯಲ್ಲಿ ಯಾರಾದರೂ ನಿಜವಲ್ಲದ ಮಾತು ಆಡಿದರೆ ಅದು ಅಷ್ಟಕ್ಕಷ್ಟು ತಗ್ಗುತ್ತದೆ. ಸಣ್ಣ ಮಾತಿಗೆ ಅರ್ಧ ಬೆರಳು, ದೊಡ್ಡದಕ್ಕೆ ಮೂರು, ನಾಲ್ಕು. ಮಾತನ್ನು ತಿದ್ದಿಕೊಂಡರೆ ಮತ್ತೆ ಏಳುತ್ತದೆ.

ಆದ್ದರಿಂದ ನಮ್ಮ ಊರಿನಲ್ಲಿ ಒಬ್ಬರ ಮಾತಿನ ಮೇಲೆ ಸಂಶಯ ಬಂದರೆ, ನೆಲದ ಮೇಲಿದ್ದರೂ, “ಎಷ್ಟು ಬೆರಳು?” ಎಂದು ಕೇಳುತ್ತಾರೆ. ಮಕ್ಕಳಿಗೆ ತಾಯಂದಿರು “ಹಲ್ಲು ಉಜ್ಜಿದೆಯಾ? ಹಾಗಾದ್ರೆ ನಡಿ ದೋಣಿಗೆ” ಎನ್ನುತ್ತಾರೆ. ದರ್ಜಿಯ ಗಿರಾಕಿಗಳು ಬಟ್ಟೆಯನ್ನು ಕಂಕುಳಲ್ಲಿಟ್ಟುಕೊಂಡು ಅವನನ್ನು ದೋಣಿಗೆ ಕರೆದೊಯ್ದು “ಈಗ ಹೇಳಪ್ಪ, ಇದು ಶುದ್ಧ ಉಣ್ಣೆಯಾ?” ಎಂದು ಕೇಳುವುದುಂಟು. ಮದುವೆಯ ಪ್ರತಿಜ್ಞೆ ನಡುಹೊಳೆಯಲ್ಲಿಯೇ ಆಗಬೇಕು. ಮೂರು ಜೋಡಿಗಳು ಮೊಣಕಾಲುದ್ದ ನೆನೆದು ಬಂದದ್ದನ್ನು ನಾನು ಕಂಡಿದ್ದೇನೆ. ಹಿಂದೊಮ್ಮೆ ನಮ್ಮ ಪಾದ್ರಿಗಳು ದೋಣಿಯಲ್ಲಿ ಪ್ರಸಂಗ ಮಾಡಿದರು. ದೋಣಿ ಕೂದಲೆಳೆಯಷ್ಟೂ ತಗ್ಗಲಿಲ್ಲ. ಆದರೆ ಅಷ್ಟು ಚಿಕ್ಕ ಪ್ರಸಂಗವನ್ನು ಅವರು ಅದಕ್ಕೆ ಮುಂಚೆಯೂ ಆಮೇಲೆಯೂ ಮಾಡಲಿಲ್ಲ.

ಆಚೆ ದಡದ ದಿಬ್ಬದ ಮೇಲೆ ಇನ್ನೊಂದು ಊರಿದೆ. ವಾಲ್ಬುರ್ಗ ಆ ಊರಿನವಳು. ಅಲ್ಲಿನವರು ನಮ್ಮ ದೋಣಿ ಹತ್ತುವುದಿಲ್ಲ, ನಮ್ಮ ಕೋಟೆಬಾಗಿಲೊಳಗೆ ಕಾಲಿಡುವುದಿಲ್ಲ. ನದಿ ದಾಟಬೇಕಾದರೆ ಅರ್ಧ ದಿನ ನಡೆದು ಮೇಲಿನ ಸೇತುವೆಗೆ ಹೋಗುತ್ತಾರೆ. “ಕೂಗಿದಾಗ ಬಾರದ ಊರಿಗೆ ಕರೆದರೂ ಹೋಗಬಾರದು” ಎಂಬುದು ಅವರ ಗಾದೆ. ಏಕೆ ಎಂದು ನಮ್ಮವರನ್ನು ಕೇಳಿದರೆ “ಹಳೇ ಕಥೆ” ಎನ್ನುತ್ತಾರೆ. ಆದರೂ ಇಪ್ಪತ್ತರ ಪ್ರಾಯದ ವಾಲ್ಬುರ್ಗ ಒಂದು ದಿನ ಬುಟ್ಟಿ ಹಿಡಿದುಕೊಂಡು ಬಂದು ದೋಣಿಯಲ್ಲಿ ಕೂತುಬಿಟ್ಟಳು. ನಾನು ಎದುರಿಗಿದ್ದೆ. “ಹೆದರಿಕೆ ಇಲ್ಲವೇ?” ಎಂದೆ. “ಇದೆ” ಎಂದಳು. ದೋಣಿ ಅಲುಗಲಿಲ್ಲ. ಒಂದು ವರ್ಷದ ಮೇಲೆ ಅದೇ ದೋಣಿಯಲ್ಲಿ “ನಿಮ್ಮನ್ನು ಸುಖವಾಗಿ ಇಟ್ಟುಕೊಳ್ಳುತ್ತೇನೆ” ಎಂದು ನಾನು ಹೇಳಿದಾಗ ದೋಣಿ ಅರ್ಧ ಬೆರಳು ಇಳಿಯಿತು. ಅವಳು ನಕ್ಕಳು. “ಪ್ರಯತ್ನ ಪಡುತ್ತೇನೆ” ಎಂದೆ. ದೋಣಿ ಎದ್ದಿತು. ಅವಳು ಒಪ್ಪಿದಳು.

ಅವಳಿಗೆ ಯೋಸ್ಟ್ ಎಂಬ ಒಬ್ಬ ಅಣ್ಣ. ನಮ್ಮ ಮದುವೆಯ ಮೇಲೆ ಅವರಿಬ್ಬರೂ ವರ್ಷಕ್ಕೊಮ್ಮೆ ಆ ಸೇತುವೆಯ ನಡುವೆ ಭೇಟಿಯಾಗಿ, ಕೈಚೀಲದಿಂದ ರೊಟ್ಟಿ, ಗಿಣ್ಣು ತೆಗೆದು ಹಂಚಿಕೊಂಡು ತಿಂದು, ಅವನು ಆ ಕಡೆಗೂ ಇವಳು ಈ ಕಡೆಗೂ ಹಿಂದಿರುಗುತ್ತಿದ್ದರು. ನನ್ನ ಮುಖವನ್ನು ಆತ ನೋಡಲು ಇಚ್ಛಿಸಲಿಲ್ಲ. ಜನವರಿಯಲ್ಲಿ, ಎದೆಯಲ್ಲಿ ಕಫ ಕಟ್ಟಿ ಮಲಗಿದ್ದಾಗ, ವಾಲ್ಬುರ್ಗ ನನ್ನನ್ನು ಹತ್ತಿರ ಕೂರಿಸಿಕೊಂಡು ಆ ಹಳೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಅವಳ ಅಜ್ಜಿ ಅವಳಿಗೆ ಹೇಳಿದ್ದು. ಮುನ್ನೂರು ವರ್ಷದ ಹಿಂದೆ, ಮೂವತ್ತು ವರ್ಷದ ಯುದ್ಧದ ಕಾಲದಲ್ಲಿ, ಒಂದು ಮಧ್ಯಾಹ್ನ ಅವರ ಊರಿನ ನಲವತ್ತೊಂದು ಜನ ದಡಕ್ಕೆ ಬಂದು ದೋಣಿಗಾಗಿ ಕೂಗಿದರು. ನಮ್ಮವರು ಕೊಡಲಿ ತಂದು ಹಗ್ಗ ಕಡಿದರು. ಚಳಿಗಾಲ ಮುಗಿಯುವ ಹೊತ್ತಿಗೆ ಆ ನಲವತ್ತೊಂದರಲ್ಲಿ ಒಂಬತ್ತು ಜನ ಉಳಿದಿದ್ದರು.

“ಇಷ್ಟು ವರ್ಷ ಏಕೆ ಹೇಳಲಿಲ್ಲ?” ಎಂದೆ.

“ನೆಲದ ಮೇಲೆ ಹೇಳಿ ಏನುಪಯೋಗ? ದೋಣೀಲಿ ಹೇಳ್ಬೇಕು. ಅಲ್ಲಿ ಹೇಳೋಕೆ ಧೈರ್ಯ ಬರ್ಲಿಲ್ಲ” ಎಂದಳು. “ಹೇಳಿದಾಗ ದೋಣಿ ತಗ್ಗಿಬಿಟ್ರೆ? ನಮ್ಮೂರು ಮುನ್ನೂರು ವರ್ಷ ಅತ್ತಿದ್ದೆಲ್ಲ ಸುಳ್ಳು ಅಂತಾಗ್ತಿತ್ತು.”

ಉಸಿರೆಳೆದುಕೊಂಡು, “ನನ್ನ ಮಣ್ಣಿಗೆ ಅಣ್ಣ ಬರಲ್ಲ. ಗೊತ್ತು. ಆದ್ರೆ ಒಂದಲ್ಲ ಒಂದು ದಿನ ಅವನು ಬಂದು ನನ್ನ ಸಮಾಧಿ ಹತ್ರ ನಿಲ್ಲೋ ಹಾಗೆ ಮಾಡಿ. ನೀವು ಮೇಷ್ಟ್ರು, ಏನಾದರೂ ದಾರಿ ಹುಡುಕಿ” ಎಂದಳು. ಅವಳು ನನ್ನಿಂದ ಕೇಳಿದ್ದು ಅದೊಂದೇ. ಸಾವಿನ ಸುದ್ದಿಯನ್ನು ನಾನು ಯೋಸ್ಟ್‌ಗೆ ಬರೆದೆ. ಉತ್ತರವಾಗಿ ಒಂದು ಕಾಗದದ ಚೂರು ಬಂತು: “ಅತ್ತಿದ್ದೇನೆ. ಬರುವುದಿಲ್ಲ.”

ದಾರಿ ತಾನಾಗಿಯೇ ಬಂತು. ದೇವರೇ ಕಳುಹಿಸಿದ್ದು ಎಂದು ನಾನು ನಂಬಿದ್ದೇನೆ. ಈ ವರ್ಷ ನಮ್ಮ ಊರಿಗೆ ಏಳುನೂರು ವರ್ಷ ತುಂಬುತ್ತದೆ. ಊರ ಚರಿತ್ರೆಯನ್ನು ಹೊಸದಾಗಿ ಬರೆಯಬೇಕೆಂದು ಸಭೆಯವರು ನನಗೆ ಒಪ್ಪಿಸಿದರು. ನಮ್ಮಲ್ಲಿ ಚರಿತ್ರೆ ಬರೆಯುವುದಕ್ಕೆ ಒಂದು ಕ್ರಮವಿದೆ. ಬರೆದವನು ಪ್ರತಿ ವಾಕ್ಯವನ್ನೂ ದೋಣಿಯಲ್ಲಿ ಕೂತು ಗಟ್ಟಿಯಾಗಿ ಓದಬೇಕು. ತಗ್ಗದ ವಾಕ್ಯವನ್ನು ಮಾತ್ರ ಚರ್ಚಿನ ದೊಡ್ಡ ಪುಸ್ತಕಕ್ಕೆ ಇಳಿಸುತ್ತಾರೆ. ಊರ ಅಧ್ಯಕ್ಷ ಡೀಟ್ಮಾರ್, ರೊಟ್ಟಿ ಸುಡುವವನು, ತೋಳಿಗೆ ಹಿಟ್ಟು ಮೆತ್ತಿಕೊಂಡೇ ನಮ್ಮ ಮನೆಗೆ ಬಂದು, “ಒಂದು ಬೆರಳೂ ತಗ್ಗಬಾರ್ದು ಮೇಷ್ಟ್ರೇ, ಅಷ್ಟೇ ನಾನು ಕೇಳೋದು” ಎಂದು ಹೇಳಿ ಹೋದ.

ಏಪ್ರಿಲಿನಿಂದ ಓದಲು ತೊಡಗಿದೆವು. ಅಂಬಿಗಿತ್ತಿ ಓಟೀಲಿಯ ಬಗ್ಗಿ ಗೆರೆ ನೋಡುವಳು, ನಾನು ಓದುವೆನು. “ಚಕ್ರವರ್ತಿಯು ನಮ್ಮ ಊರಿನಲ್ಲಿ ಮೂರು ದಿನ ತಂಗಿದ್ದನು” ಎಂದು ಓದಿದಾಗ ಅವಳು ಹೌಹಾರಿ, “ನಾಲ್ಕು ಬೆರಳು! ಬೇಗ ತಿದ್ದಿ, ನನ್ನ ಸ್ಟಾಕಿಂಗ್ಸ್ ನೆನೀತಿದೆ!” ಎಂದಳು. “ಚಕ್ರವರ್ತಿಯು ನಮ್ಮ ಊರನ್ನು ಹಾದುಹೋದನು” ಎಂದೆ. ದೋಣಿ ಎದ್ದಿತು.

“ಒಂದು ಲೋಟ ನೀರಾದ್ರೂ ಕುಡಿದ್ನಾ, ಹೇಳಿ ನೋಡಿ” ಎಂದಳು.

“ಚಕ್ರವರ್ತಿಯು ಇಲ್ಲಿ ನೀರು ಕುಡಿದನು.” ದೋಣಿ ಒಂದು ಬೆರಳು ತಗ್ಗಿತು.

“ಅವನ ಕುದುರೆ?”

“ಚಕ್ರವರ್ತಿಯ ಕುದುರೆ ಇಲ್ಲಿ ನೀರು ಕುಡಿಯಿತು” ಎಂದೆ. ದೋಣಿ ಎದ್ದು ಸಮವಾಗಿ ನಿಂತಿತು. ಹೀಗೆ ದೊಡ್ಡ ಪುಸ್ತಕದಲ್ಲಿ ಈಗ ಒಂದು ಕುದುರೆ ಸೇರಿಕೊಂಡಿದೆ.

ಯುದ್ಧದ ಕಾಲದ ಪುಟಕ್ಕೆ ಬಂದಾಗ ನಾನು ಹಳೆಯ ಪುಸ್ತಕ ತೆಗೆದು ನೋಡಿದೆ. ಆ ವರ್ಷಕ್ಕೆ ಇದ್ದದ್ದು ಒಂದೇ ವಾಕ್ಯ: “ಆ ದಿನ ದೋಣಿ ಹೋಗಲಿಲ್ಲ.” ಸತ್ಯವಾದ ಮಾತು. ಮುನ್ನೂರು ವರ್ಷದಲ್ಲಿ ಎಷ್ಟು ಸಲ ಓದಿದ್ದರೂ ದೋಣಿ ತಗ್ಗಿರಲಾರದು. ನಮ್ಮ ದೋಣಿ ಆಡಿದ ಮಾತನ್ನು ತೂಗುತ್ತದೆ. ಆಡದ ಮಾತಿಗೆ ಅದರಲ್ಲಿ ತೂಕವಿಲ್ಲ. ಆದ್ದರಿಂದ ನಾವು ಸುಳ್ಳು ಹೇಳುವುದನ್ನು ಬಿಟ್ಟು ಬಾಯಿ ಮುಚ್ಚುವುದನ್ನು ಕಲಿತೆವು, ಅದನ್ನೇ ಸತ್ಯವೆಂದು ನಾನು ಮೂವತ್ತೆಂಟು ವರ್ಷ ಮಕ್ಕಳಿಗೆ ಪಾಠ ಹೇಳಿದೆ.

ಹಗ್ಗ ಕಡಿದ ಮಾತನ್ನು ದೋಣಿಯಲ್ಲಿ ಓದುತ್ತೇನೆಂದು ಡೀಟ್ಮಾರನಿಗೆ ತಿಳಿಸಿದೆ. ಅವನು ಮುಖ ಕೆಂಪು ಮಾಡಿಕೊಂಡು, “ಆ ಮಾತು ಸುಳ್ಳಾದ್ರೆ ದೋಣಿ ಮುಳುಗುತ್ತೆ. ನಿಜವಾದ್ರೆ ಊರು ಮುಳುಗುತ್ತೆ. ಎರಡರಲ್ಲಿ ಯಾವುದು ಬೇಕು ನಿಮಗೆ?” ಎಂದ.

“ವಾಲ್ಬುರ್ಗಳ ಅಣ್ಣ ಒಂದು ಸಲ ಅವಳ ಸಮಾಧಿಗೆ ಬರಬೇಕು. ನನಗೆ ಬೇಕಾದದ್ದು ಅಷ್ಟೇ.”

“ಅದಕ್ಕೆ ಊರ ಚರಿತ್ರೇನೇ ಬೇಕಾ? ಒಂದು ಒಳ್ಳೇ ಕಾಗದ ಬರೀರಿ.”

“ಬರೆದೆ. ‘ಬರುವುದಿಲ್ಲ’ ಎಂದು ಉತ್ತರ ಬಂತು.”

ಡೀಟ್ಮಾರ್ ಟೋಪಿಯನ್ನು ಕೈಯಲ್ಲಿ ಮೂರು ಸುತ್ತು ತಿರುಗಿಸಿದ. “ನಿಮ್ಮ ಹೆಂಡತಿ ನನ್ನ ಮೂರು ಮಕ್ಕಳಿಗೂ ಸ್ವೆಟರ್ ಹೆಣೆದುಕೊಟ್ಟವರು. ಬೇಡ ಅನ್ನೋಕಾಗಲ್ಲ. ಆದ್ರೆ ಓದೋ ದಿನ ನಾನೂ ದೋಣೀಲಿರ್ತೀನಿ” ಎಂದು ಹೇಳಿ ಹೊರಟುಹೋದ.

ನಾನು ಯೋಸ್ಟ್‌ಗೆ ಮತ್ತೆ ಬರೆದೆ. “ಪೂಜ್ಯ ಭಾವನವರಿಗೆ. ಜೂನ್ ಎರಡನೆಯ ಶನಿವಾರ ಮಧ್ಯಾಹ್ನ ದೋಣಿಯನ್ನು ನಿಮ್ಮ ದಡಕ್ಕೆ ಕಟ್ಟಿ, ಆ ದಿನದ ಮಾತನ್ನು ಓದುತ್ತೇನೆ. ನೀವು ದೋಣಿ ಹತ್ತಬೇಕಾಗಿಲ್ಲ. ಹುಲ್ಲಿನ ಮೇಲೆ ನಿಂತು ಗೆರೆಯನ್ನು ನಿಮ್ಮ ಕಣ್ಣಿನಿಂದಲೇ ನೋಡಿ.” ಈ ಸಲ ಉತ್ತರ ಬರಲಿಲ್ಲ.

ಆ ಶನಿವಾರ ಬಿಸಿಲು ಚೆನ್ನಾಗಿತ್ತು. ಆಚೆ ದಡಕ್ಕೆ ಹತ್ತಿರವಾಗುತ್ತಿದ್ದಂತೆ ಹುಲ್ಲಿನ ಮೇಲೆ ಜನ ಕಂಡರು. ಇಪ್ಪತ್ತು ಜನವೋ ಮೂವತ್ತೋ ಇದ್ದರು. ಹೆಂಗಸರು ಕೈ ಕಟ್ಟಿಕೊಂಡು ನಿಂತಿದ್ದರು. ಎಲ್ಲರಿಗಿಂತ ಮುಂದೆ ಕಪ್ಪು ಕೋಟು ತೊಟ್ಟ ಒಬ್ಬ ಎತ್ತರದ ಮುದುಕ. ಮೂಗು ವಾಲ್ಬುರ್ಗಳದೇ. ನನಗೆ ಕಣ್ಣು ಕೆಳಗೆ ಹಾಕಬೇಕಾಯಿತು. ಯಾರೂ ನಮಸ್ಕಾರ ಹೇಳಲಿಲ್ಲ. ಓಟೀಲಿಯ ದೋಣಿಯನ್ನು ಗೂಟಕ್ಕೆ ಸಡಿಲವಾಗಿ ಕಟ್ಟಿ, ಗೆರೆ ನೋಡಿ, “ಏಳನೇ ಗೆರೆ. ಎಲ್ರೂ ನೋಡ್ಕೊಳ್ಳಿ” ಎಂದು ದಡದವರಿಗೆ ಕೇಳುವಂತೆ ಕೂಗಿದಳು.

ಮನಸ್ಸಿನಲ್ಲಿಯೇ ಪ್ರಾರ್ಥಿಸಿ ಕಾಗದ ಬಿಚ್ಚಿದೆ. “ಆ ದಿನ ದೋಣಿ ಹೋಗಲಿಲ್ಲ” ಎಂದು ಓದಿದೆ. ಏಳನೇ ಗೆರೆ ಹಾಗೆಯೇ ಇತ್ತು. ಮುಂದಿನದನ್ನು ಓದಿದೆ: “ಏಕೆಂದರೆ ವೈರಿಸೈನ್ಯವು ಬೆನ್ನಟ್ಟಿ ಬರುತ್ತಿರಲು, ಊರನ್ನು ಉಳಿಸಿಕೊಳ್ಳುವುದಕ್ಕಾಗಿ ನಾವು ಹಗ್ಗವನ್ನು ಕಡಿದೆವು.”

ದೋಣಿ ತಗ್ಗಿತು. ಹಲಗೆಯ ಕೆಳಗೆ ನೀರು ಗುಳುಗುಳು ಎಂದದ್ದು ನನ್ನ ಕಾಲಿಗೆ ತಿಳಿಯಿತು. “ಮೂರು ಬೆರಳು” ಎಂದಳು ಓಟೀಲಿಯ, ಬಹಳ ಮೆಲ್ಲಗೆ. ಆದರೆ ದಡದವರು ಕಣ್ಣಿನಿಂದಲೇ ಕಂಡಿದ್ದರು. ಒಬ್ಬ ಹೆಂಗಸು ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಹಿಂದಿನಿಂದ ಯಾರೋ, “ಹಾಗಾದ್ರೆ ಹಗ್ಗ ಕಡೀಲೇ ಇಲ್ವಾ? ನಮ್ಮಜ್ಜಿ ಸುಳ್ಳಿ ಅಂತಾಯ್ತಾ?” ಎಂದರು. ಯೋಸ್ಟ್ ಬೆನ್ನು ತಿರುಗಿಸಿ ದಿಬ್ಬದ ಕಡೆಗೆ ಎರಡು ಹೆಜ್ಜೆ ಇಟ್ಟ. ವಾಲ್ಬುರ್ಗ ಜೀವಮಾನವೆಲ್ಲ ಹೆದರಿದ್ದು ಇದಕ್ಕೇ.

“ಮೇಷ್ಟ್ರೇ” ಎಂದು ಓಟೀಲಿಯ ಗದರಿದಳು. “ಹೀಗೆ ಮಾರುದ್ದ ವಾಕ್ಯ ಓದಿದ್ರೆ ಯಾವುದು ತಗ್ಗಿಸ್ತು ಅಂತ ನಾನು ಹೇಗೆ ಹೇಳ್ಲಿ? ಮಕ್ಕಳಿಗೆ ಕಲಿಸೋ ಹಾಗೆ ಬಿಡಿಸಿ ಹೇಳಿ. ಒಂದೊಂದೇ.”

“ನಾವು ಹಗ್ಗ ಕಡಿದೆವು” ಎಂದೆ.

ದೋಣಿ ಒಂದು ಬೆರಳು ಎದ್ದಿತು. “ಎದ್ದಿತು! ನೋಡಿ!” ಎಂದು ಓಟೀಲಿಯ ದಡಕ್ಕೆ ಕೂಗಿದಳು. ಯೋಸ್ಟ್ ನಿಂತ, ಆದರೆ ತಿರುಗಲಿಲ್ಲ.

“ಸೈನ್ಯ ಬೆನ್ನಟ್ಟಿ ಬರುತ್ತಿತ್ತು” ಎಂದೆ. ದೋಣಿ ಎದ್ದಷ್ಟೂ ಮತ್ತೆ ಇಳಿಯಿತು. ಆಗ ನನಗೆ ತಿಳಿಯಿತು. ಸೈನ್ಯದ ಮಾತನ್ನು ವಾಲ್ಬುರ್ಗ ಹೇಳಿರಲಿಲ್ಲ. ಅವಳ ಅಜ್ಜಿಯೂ ಹೇಳಿರಲಿಲ್ಲ. ಹಗ್ಗ ಕಡಿದವರಿಗೆ ಒಂದು ಕಾರಣ ಇದ್ದಿರಲೇಬೇಕು ಎಂದು ನಾನೇ, ನನ್ನ ಊರಿನ ಮೇಲಿನ ಮಮತೆಯಿಂದ, ಬರೆಯುವಾಗ ಸೇರಿಸಿದ್ದೆ. ಬರೆಯುವಾಗ ಅದು ಸುಳ್ಳೆಂದು ನನಗೆ ತೋರಿರಲೇ ಇಲ್ಲ. “ಸೈನ್ಯದ ಮಾತು ನನ್ನದು. ಅದನ್ನು ತೆಗೆದುಬಿಟ್ಟೆ” ಎಂದೆ. ದೋಣಿ ಎರಡು ಬೆರಳು ಎದ್ದು ನಿಂತಿತು. ಇನ್ನೂ ಒಂದು ಬೆರಳು ಉಳಿದಿತ್ತು. “ಊರನ್ನು ಉಳಿಸಿಕೊಳ್ಳುವುದಕ್ಕಾಗಿ” ಎಂಬುದರ ತೂಕ ಅದು. ಅದರ ಬದಲಿಗೆ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿರುವವರು ಯಾರೂ ಬದುಕಿಲ್ಲ ಎಂದುಕೊಂಡೆ.

“ರೊಟ್ಟಿ” ಎಂದ ಡೀಟ್ಮಾರ್.

ನಾವೆಲ್ಲ ಅವನ ಕಡೆ ತಿರುಗಿದೆವು. ಅವನು ಟೋಪಿ ತೆಗೆದಿದ್ದ. ಬೋಳುತಲೆಯ ಮೇಲೆ ಬೆವರು ಹೊಳೆಯುತ್ತಿತ್ತು. “ನಮ್ಮ ಮನೇಲಿ ಪ್ರತಿ ಶನಿವಾರ ಒಂದು ರೊಟ್ಟಿ ಹೆಚ್ಚಿಗೆ ಸುಟ್ಟು ಹೊಳೆಗೆ ಹಾಕ್ತೀವಿ. ನಮ್ಮಪ್ಪ ಹಾಕ್ತಿದ್ರು, ತಾತ ಹಾಕ್ತಿದ್ರು. ಊರೋರು ಮೀನಿಗೆ ಅಂದ್ಕೊಂಡಿದ್ದಾರೆ. ಯಾಕೆ ಅಂತ ಒಲೆ ಮುಂದೆ ಕೂರಿಸಿಕೊಂಡು ತಾತ ನಂಗೆ ಒಂದೇ ಒಂದು ಸಲ ಹೇಳಿದ್ರು. ದೋಣೀಲಿ ಯಾವತ್ತೂ ಹೇಳ್ಬೇಡ ಅಂದ್ರು.” ಅವನು ನನ್ನ ಕಡೆ ನೋಡದೆ, ದಡದ ಕಡೆ ಮುಖ ಮಾಡಿ ಹೇಳಿದ: “ಸೈನ್ಯ ಎಲ್ಲೂ ಇರ್ಲಿಲ್ಲ. ನೀವು ಹಸಿದು ಬಂದಿದ್ರಿ. ನಮ್ಮ ಹತ್ರ ಹಿಟ್ಟಿತ್ತು. ಹಂಚಿದ್ರೆ ಸಾಲದು ಅಂತ ಹಗ್ಗ ಕಡಿದ್ವಿ.”

ದೋಣಿ ಎದ್ದಿತು. ಓಟೀಲಿಯ ಬಗ್ಗಿ ನೋಡಿ, ಬೆರಳಿನಿಂದ ಏಳನೇ ಗೆರೆಯನ್ನು ಮುಟ್ಟಿ ತೋರಿಸಿದಳು.

ಯೋಸ್ಟ್ ತಿರುಗಿ ದಡದ ಅಂಚಿಗೆ ಬಂದ. “ಎಷ್ಟು ಜನ ಅಂತ ಬರೆದಿದ್ದೀರಾ?” ಎಂದು ಕೇಳಿದ.

“ನಲವತ್ತೊಂದು” ಎಂದೆ.

ಅವನು ಗೆರೆಯನ್ನು ನೋಡಿದ. ಗೆರೆ ಅಲುಗಲಿಲ್ಲ. ಅವನು ಹಿಂದೆ ನಿಂತವರ ಕಡೆ ತಿರುಗಿ “ನಲವತ್ತೊಂದು” ಎಂದು ಹೇಳಿದ. ಅವರಲ್ಲಿ ಕೆಲವರು ಅಳುತ್ತಿದ್ದರು. ಆಮೇಲೆ ಅವನು ಡೀಟ್ಮಾರನನ್ನು ನೋಡಿ, “ಇವತ್ತೂ ಶನಿವಾರ. ಆ ರೊಟ್ಟಿ ಹೊಳೆಗೆ ಹಾಕಿ ಆಯ್ತಾ?” ಎಂದ.

“ಇಲ್ಲ. ಅಂಗಡೀಲಿದೆ.”

“ಹಾಕ್ಬೇಡಿ. ನಂಗೆ ಹಸಿವಾಗಿದೆ” ಎಂದು ಯೋಸ್ಟ್ ದೋಣಿಗೆ ಕಾಲಿಟ್ಟ.

ಓಟೀಲಿಯ ಅವನ ಮೊಣಕೈ ಹಿಡಿದುಕೊಂಡು, “ನಡುವೆ ಕೂತ್ಕೊಳ್ಳಿ ಯಜಮಾನ್ರೇ. ಹೊಸಬರನ್ನ ಒಂದು ಸಲ ಅಲ್ಲಾಡಿಸುತ್ತೆ, ಹೆದರ್ಬೇಡಿ” ಎಂದಳು. ಅವನು ನನ್ನ ಪಕ್ಕದಲ್ಲಿಯೇ ಕೂತ. ಹೊಳೆಯ ನಡುವೆ ಬಂದಾಗ “ಇದ್ರಲ್ಲಿ ಮಾತಾಡಬಹುದಾ?” ಎಂದು ಪಿಸುಗುಟ್ಟಿದ. “ಮಾತಾಡಿ, ನೋಡ್ಕೊಂಡು” ಎಂದಳು ಓಟೀಲಿಯ. ಅವನು ಯೋಚಿಸಿ, ಸುಮ್ಮನಿರುವುದೇ ಲೇಸೆಂದು ಸುಮ್ಮನಾದ.

ಚರ್ಚಿನ ಹಿಂಭಾಗದಲ್ಲಿ, ನಿಂಬೆಬಣ್ಣದ ಹೂ ಬಿಡುವ ಮರದ ಕೆಳಗೆ ವಾಲ್ಬುರ್ಗ ಮಲಗಿದ್ದಾಳೆ. ಕಲ್ಲು ಹೊಸದು, ಅಕ್ಷರಗಳ ಬಿಳುಪು ಇನ್ನೂ ಮಾಸಿಲ್ಲ. ಯೋಸ್ಟ್ ಅದರ ಮುಂದೆ ನಿಂತು, ಹೆಸರಿನ ಮೇಲೆ ಬೆರಳಾಡಿಸಿ, ಕೆಳಗಿನ ಸಾಲಿಗೆ ಬಂದು ತಡೆದ. ಹುಟ್ಟಿದ ವರ್ಷವನ್ನು ಎರಡು ಸಲ ಓದಿದ.

“ಇದು ಯಾರು ಹೇಳಿದ್ದು ನಿಮಗೆ?”

“ಅವಳೇ” ಎಂದೆ. “ಏಕೆ ಭಾವನವರೇ?”

“ನಾನು ಭಾವ ಅಲ್ಲ, ನೀವು ನಂಗೆ ಭಾವ” ಎಂದ ಅವನು. “ನಾನು ತಮ್ಮ. ನಾನು ಹುಟ್ಟಿದಾಗ ತೊಟ್ಟಿಲು ತೂಗಿದವಳು ಅವಳು. ಈ ಕಲ್ಲಿನ ಲೆಕ್ಕದಲ್ಲಿ ನಾನು ಹುಟ್ಟಿ ಎರಡು ವರ್ಷ ಆದ್ಮೇಲೆ ಅವಳು ಹುಟ್ಟಿದ್ದಾಳೆ! ಗಂಡನಿಗಿಂತ ದೊಡ್ಡವಳಾಗಿಬಿಡ್ತೀನಿ ಅಂತ ಮದುವೆ ದಿನ ಅಮ್ಮನ ಹತ್ರ ಅಳ್ತಿದ್ಲು. ಆವತ್ತೇ ವಯಸ್ಸು ಇಳಿಸಿರ್ಬೇಕು.”

ನಾನು ಲೆಕ್ಕ ಹಾಕಿದೆ. ನಲವತ್ತಾರು ವರ್ಷ ಅವಳೊಂದಿಗೆ ಆ ದೋಣಿಯಲ್ಲಿ ಎಷ್ಟು ಸಾವಿರ ಸಲ ಹೋಗಿ ಬಂದಿರುವೆನೋ ತಿಳಿಯದು. ಒಂದು ಸಲವೂ ಅವಳು ಅಲ್ಲಿ ತನ್ನ ವಯಸ್ಸು ಹೇಳಿರಲಿಲ್ಲ. ಅಳು ಬಂತೆಂದುಕೊಂಡೆ. ಆದರೆ ಅದು ನಗು. ಫೆಬ್ರವರಿಯ ಮೇಲೆ ನಾನು ನಕ್ಕದ್ದು ಆಗಲೇ. ಕಲ್ಲನ್ನು ಹಿಡಿದುಕೊಂಡು ನಕ್ಕೆ. ಯೋಸ್ಟ್ ಕೂಡ ನಗುತ್ತಾ ಕಣ್ಣು ಒರೆಸಿಕೊಂಡ.

“ತಿದ್ದಿಸಿಬಿಡುತ್ತೇನೆ” ಎಂದೆ. “ಇದು ದೇವರ ಸನ್ನಿಧಿ.”

“ಇರ್ಲಿ ಬಿಡಿ ಭಾವ” ಎಂದ. “ದೇವರಿಗೆ ಅವಳ ವಯಸ್ಸು ಗೊತ್ತು. ಕಲ್ಲೇನು ನೀರಿನ ಮೇಲಿಲ್ಲವಲ್ಲ.”

ನಾವಿಬ್ಬರೂ ಮೊಣಕಾಲೂರಿ ಅವಳಿಗಾಗಿ ಪ್ರಾರ್ಥಿಸಿದೆವು. ಅವನು ಅವರ ಊರಿನ ಮಾತುಗಳಲ್ಲಿ, ನಾನು ನಮ್ಮ ಊರಿನವುಗಳಲ್ಲಿ. ಮುಗಿದ ಮೇಲೆ ನಾನು ಎದ್ದೆ. ಅವನಿಗೆ ಮೊಣಕಾಲು ಹಿಡಿದುಕೊಂಡು ಏಳಲಾಗಲಿಲ್ಲ. ಅಷ್ಟು ವರ್ಷ ಹಿರಿಯನೆಂದು ತಿಳಿದು, ಕಾಗದದಲ್ಲಿ ಪೂಜ್ಯರೆಂದು ಬರೆದಿದ್ದ ಆ ಎತ್ತರದ ಮುದುಕನಿಗೆ ಕೈ ಚಾಚಿ, “ಏಳಪ್ಪ ಯೋಸ್ಟ್, ಹಿಡಿದುಕೋ. ಡೀಟ್ಮಾರ್ ರೊಟ್ಟಿ ಹಿಡಿದುಕೊಂಡು ಕಾಯುತ್ತಿದ್ದಾನೆ” ಎಂದೆ.